ಸೀತನಿಗಾಗಿ ಸೂರತ್ತಿಗೆ

ಶನಿವಾರ ಮಧ್ಯಾಹ್ನವಾಯಿತೆಂದರೆ ಅಹಮದಾಬಾದಿನ ಮಣಿನಗರದ ಹೆಂಗಸರೆಲ್ಲ ಒಂದು ಉಸಿರು ಬಿಡುತ್ತಿದ್ದರು. ಗಂಡಂದಿರ ಕಚೇರಿ ಅರ್ಧ ದಿನ, ಮಕ್ಕಳ ಶಾಲೆ ಅರ್ಧ ದಿನ, ಮರುದಿನ ಆದಿತ್ಯವಾರ. ಪದ್ಮಾವತಿಯೂ ಉಸಿರು ಬಿಡುತ್ತಿದ್ದಳು. ಅವರದು ನೆಮ್ಮದಿಯ ಉಸಿರು. ಇವಳದು ಕಟುಕನ ಅಂಗಡಿಯ ಮುಂದೆ ನಿಂತ ಕುರಿಯ ಉಸಿರು.

ಕಾರಣ, ಅವಳ ಗಂಡ ಲಿಂಗರಾಜ ಒಂದು ಕಾರು ಕೊಂಡಿದ್ದ.

ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ವರ್ಗವಾಗಿ ಬಂದಾಗ ಅವನು ಸಾಧು ಮನುಷ್ಯನೇ ಆಗಿದ್ದ. ಆದಿತ್ಯವಾರ ಎಣ್ಣೆ ಹಚ್ಚಿಕೊಂಡು ಎರೆದುಕೊಂಡು, ಹೋಳಿಗೆಯೋ ಹುಗ್ಗಿಯೋ ಇದ್ದದ್ದನ್ನು ಉಂಡು, ಗೊರಕೆ ಹೊಡೆಯುತ್ತಿದ್ದ. ಪಾರ್ಸಿ ಗೃಹಸ್ಥರೊಬ್ಬರು ತಮ್ಮ ಹಳೆಯ ಕಾರನ್ನು ಅವನಿಗೆ ದಾಟಿಸಿದ ದಿನದಿಂದ ಆ ಗೊರಕೆ ಮನುಷ್ಯನಿಂದ ಯಂತ್ರಕ್ಕೆ ವರ್ಗವಾಯಿತು. ಕಾರು ವಿಲಾಯತಿಯದು. ಯಾವ ಕಂಪನಿಯದೆಂದು ಹೇಳುವುದು ಮಾತ್ರ ಕಷ್ಟ. ಹೆಸರಿನ ಲೋಹದ ಅಕ್ಷರಗಳೆಲ್ಲ ಉದುರಿಹೋಗಿ ಒಂದು 'ಓ' ಮಾತ್ರ ಉಳಿದಿತ್ತು. (ಕಾರು ದಾರಿಯಲ್ಲಿ ನಿಂತಾಗಲೆಲ್ಲ ಪದ್ಮಾವತಿಯ ಬಾಯಿಂದ ಬರುತ್ತಿದ್ದುದೂ ಅದೇ ಅಕ್ಷರ.)

ಅಂದಿನಿಂದ ವಾರವಾರವೂ ದಿಗ್ವಿಜಯ. ಶನಿವಾರ ಕಚೇರಿಯಿಂದ ಬಂದವನು ಕೋಟು ಕೂಡ ಬಿಚ್ಚುತ್ತಿರಲಿಲ್ಲ. "ಪದ್ಮಾ, ಬುತ್ತಿ ಆತೇನು? ಹೊತ್ತಾತು!" ಎನ್ನುತ್ತಿದ್ದ. ನಳಸರೋವರದ ಪಕ್ಷಿಗಳನ್ನು ನೋಡಲು ಹೋದರು. ಕಾರಿನ ಸದ್ದಿಗೆ ಪಕ್ಷಿಗಳೆಲ್ಲ ಒಟ್ಟಿಗೆ ಎದ್ದು ಸರೋವರದ ಆಚೆ ದಡ ಸೇರಿದವು. ಅಡಾಲಜದ ಮೆಟ್ಟಿಲು ಬಾವಿಗೆ ಹೋದರು. ಇಳಿಯುವುದು ಇಳಿದಾಯಿತು, ಹತ್ತಿ ಬಂದ ಮೇಲೆ ಪದ್ಮಾವತಿಯ ಮೊಣಕಾಲು ಒಂದು ವಾರ ಮಾತಾಡಿದವು. ಲೋಥಲ್‌ಗೆ ಹೋದಾಗ ಅಲ್ಲಿ ನೆಲದೊಳಗಿಂದ ಅಗೆದು ತೆಗೆದ ಸಾವಿರಾರು ವರ್ಷದ ಇಟ್ಟಿಗೆಯ ಚರಂಡಿಯ ಮುಂದೆ ಲಿಂಗರಾಜ ಕಣ್ಣು ಮುಚ್ಚಿ ನಿಂತುಬಿಟ್ಟ.

"ನೋಡು ಪದ್ಮಾ, ಎಂಥಾ ಮೋರಿ! ನೀರು ಒಂದ ಹನಿ ನಿಲ್ಲೂದಿಲ್ಲ!"

"ನಮ್ಮನೀ ಮೋರಿ ಕಟ್ಟಕೊಂಡು ನಾಕು ದಿನ ಆತು. ಅದನ್ನ ಬಿಟ್ಟು ಸತ್ತವರ ಮೋರಿ ನೋಡಾಕ ಬಂದೇವೇನ್ರೀ?" ಎಂದಳು ಪದ್ಮಾವತಿ, ಬಿಸಿಲಿಗೆ ಸೆರಗು ಹೊದ್ದು.

ಅವಳಿಗೇನು ಸ್ವರ್ಗ ಬೇಕಿರಲಿಲ್ಲ. ಒಂದು ಆದಿತ್ಯವಾರ ಬೇಕಿತ್ತು. ಒಂದು ಚಾಪೆ, ಒಂದು ತಲೆದಿಂಬು, ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಎರಡು ತಾಸು ನಿದ್ದೆ. ಇಷ್ಟನ್ನು ಅವಳು ಪ್ರೀತಿಯಿಂದ ಕೇಳಿದ್ದಳು, ಅತ್ತು ಕೇಳಿದ್ದಳು, ಮಾತು ಬಿಟ್ಟು ಕೇಳಿದ್ದಳು. ಲಿಂಗರಾಜನದು ಒಂದೇ ಉತ್ತರ: "ಮನುಷ್ಯಾಗ ಹವಾ ಬದಲಾಗಬೇಕು ಪದ್ಮಾ. ಇಲ್ಲಾಂದ್ರ ಗಿರಣಿ ಹೊಗಿ ಕುಡದು ಸಾಯ್ತೀವಿ." ದಾರಿಯಲ್ಲಿ ಕಾರು ಬಿಡುತ್ತಿದ್ದ ಹೊಗೆಯನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಅರವತ್ತೆರಡನೆಯ ಇಸವಿ ಮುಗಿಯುವ ಹೊತ್ತಿಗೆ ಪಾರ್ವತಕ್ಕ ಬಂದಳು.

ಪಾರ್ವತಕ್ಕ ಎಂದರೆ ಲಿಂಗರಾಜನ ದೊಡ್ಡಕ್ಕ. ನವಲಗುಂದದ ಕಡೆಯ ಹಳ್ಳಿಯಲ್ಲಿ ಗಂಡನನ್ನು, ಎರೆಹೊಲವನ್ನು, ಮೂವರು ಸೊಸೆಯಂದಿರನ್ನು ಒಂದೇ ಏರುದನಿಯಲ್ಲಿ ಆಳುವ ಹೆಣ್ಣುಮಗಳು. ತಮ್ಮನ ಸಂಸಾರ ಹೇಗಿದೆ ನೋಡಿ ಬರುತ್ತೇನೆಂದು, ಮುಂಬಯಿಗೆ ಹೊರಟಿದ್ದ ಊರಿನವರ ಜೊತೆ ರೈಲು ಹತ್ತಿ, ಅಲ್ಲಿಂದ ಮುಂದೆ ಒಬ್ಬಳೇ ಬಂದುಬಿಟ್ಟಿದ್ದಳು. ದಾರಿಯುದ್ದಕ್ಕೂ ಹೊರಗಿನ ನೀರು ಮುಟ್ಟದೆ, ತಾನು ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ತಾಮ್ರದ ತಂಬಿಗೆಯ ನೀರಿನಲ್ಲೇ ಬಂದು ಇಳಿದವಳು. ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವವಳಲ್ಲ. ಹೋಟೆಲಿನ ಬಾಗಿಲನ್ನು ಕಂಡರೆ ಮುಖ ತಿರುಗಿಸುವವಳು. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ ಅವಳಿಗೆ ಮೋಟಾರು ಆಗುತ್ತಿರಲಿಲ್ಲ. ಒಮ್ಮೆ ಹುಬ್ಬಳ್ಳಿಯ ಬಸ್ಸು ಹತ್ತಿದವಳು ದಾರಿಯಲ್ಲಿ ಮತ್ತೆ ಮತ್ತೆ ಬಸ್ಸು ನಿಲ್ಲಿಸಿ, ಕೊನೆಗೆ ಕಂಡಕ್ಟರನಿಗೇ ಬೈದು ಇಳಿದು, ಮನೆಗೆ ನಡೆದು ಬಂದಿದ್ದಳು. "ಗಾಡಿ ಅಂದ್ರ ಎತ್ತಿನ ಗಾಡಿ. ಉಳದದ್ದೆಲ್ಲಾ ವಾಂತಿ ಗಾಡಿ" ಎಂಬುದು ಅವಳ ತೀರ್ಪು.

ಅಕ್ಕ ಬಂದದ್ದರಿಂದ ಎರಡು ಶನಿವಾರ ದಿಗ್ವಿಜಯ ನಿಂತಿತು. ಲಿಂಗರಾಜ ಪಂಜರದ ಹುಲಿಯಂತೆ ಅಂಗಳದಲ್ಲಿ ಓಡಾಡಿದ. ಆದರೆ ಪದ್ಮಾವತಿಗೆ ನಿದ್ದೆ ಸಿಕ್ಕಿತೆ? ಎಲ್ಲಿಯ ನಿದ್ದೆ! ಪಾರ್ವತಕ್ಕ ಡಬ್ಬಿಗಳನ್ನೆಲ್ಲ ಇಳಿಸಿ ಅಡಿಗೆಮನೆ ತೊಳೆಸಿದಳು.

ಮೂರನೆಯ ವಾರ, ಸಂಕ್ರಾಂತಿಯ ಮೊದಲು, ಪಾರ್ವತಕ್ಕ ಎಳೆಬಿಸಿಲಿನಲ್ಲಿ ಕೂತು ನಿಟ್ಟುಸಿರು ಬಿಟ್ಟಳು.

"ಊರಾಗ ಈಗ ಸೀತನಿ ದಿನ ನೋಡವಾ. ಹೊಲದಾಗ ಬೆಂಕಿ ಮುಂದ ಕೂತು ಬಿಸಿಬಿಸಿ ತಿನ್ನೂದು ಬಿಟ್ಟು ಇಲ್ಲಿ ನಿಮ್ಮ ಬೆಲ್ಲ ಹಾಕಿದ ಬ್ಯಾಳಿ ಕುಡಕೋತ ಕೂತೀನಿ."

ಪದ್ಮಾವತಿಯ ಬಾಯಲ್ಲೂ ನೀರು ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ ಬಾಯಿಗೆ ಹಾಕಿಕೊಂಡರೆ, ಮುಂದಿನ ಜನ್ಮದಲ್ಲೂ ಧಾರವಾಡ ಜಿಲ್ಲೆಯಲ್ಲೇ ಹುಟ್ಟಬೇಕೆನಿಸುವ ತಿಂಡಿ ಅದು. ಪಕ್ಕದ ಮನೆಯ ಹೇಮಲತಾಬೆನ್ ಅಲ್ಲೇ ಕೂತಿದ್ದಳು. ಶಾಲೆಯಲ್ಲಿ ಪಾಠ ಹೇಳುವವಳು, ತವರು ಸೂರತ್ತು. ಪದ್ಮಾವತಿ ತನ್ನ ಹರಕು ಹಿಂದಿಯಲ್ಲಿ ಸೀತನಿಯನ್ನು ಬಣ್ಣಿಸಿದ ಕೂಡಲೇ ಅವಳು ಚಪ್ಪಾಳೆ ತಟ್ಟಿದಳು.

"ಅರೆ, ಅದು ನಮ್ಮ ಪೋಂಕ್! ಈ ತಿಂಗಳು ಸೂರತ್ತಿನಲ್ಲಿ ತಾಪಿ ನದಿಯ ದಂಡೆಯ ತುಂಬ ಅದೇ. ಸೂರತ್ತಿನ ಊಟ, ಕಾಶಿಯ ಸಾವು ಅಂತ ಸುಮ್ಮನೆ ಹೇಳುತ್ತಾರಾ?"

ಆ ಕ್ಷಣದಲ್ಲೇ ಪದ್ಮಾವತಿಯ ತಲೆಯಲ್ಲಿ ದೀಪ ಹೊತ್ತಿತು. ಪಾರ್ವತಕ್ಕ. ಕಾರು. ಸೂರತ್ತು. ವಾಂತಿ ಗಾಡಿಯಲ್ಲಿ ಆ ಮಹಾತಾಯಿಯನ್ನು ಒಂದು ಸಲ, ಒಂದೇ ಒಂದು ಸಲ, ಅಷ್ಟು ದೂರ ಕೂರಿಸಿಕೊಂಡು ಹೋಗಿ ಬರಲಿ ಲಿಂಗರಾಜ! ದಾರಿಯಲ್ಲಿ ಹಸಿವು, ಬಾಯಾರಿಕೆ, ಸಂಕಟ, ಬೈಗುಳ. ವಾಪಸು ಬರುವ ಹೊತ್ತಿಗೆ ಕಾರನ್ನು ಗುಜರಿಯವನಿಗೆ ದಾನ ಮಾಡದಿದ್ದರೆ ಕೇಳಿ.

"ಅಕ್ಕಾರ, ಸೂರತ್ತಿಗೆ ಹೋಗಿ ಬರೂಣೇನ್ರಿ? ನಮ್ಮ ಕಾರು ಐತಲ್ಲ" ಎಂದಳು, ಜೇನು ಸುರಿಯುವ ದನಿಯಲ್ಲಿ.

ಪಾರ್ವತಕ್ಕ ಎದ್ದು ಹೋಗಿ ಕಾರನ್ನು ಒಂದು ಸುತ್ತು ನೋಡಿ ಬಂದಳು. ಕಡೆಗೆ ಸೀತನಿ ಗೆದ್ದಿತು. "ಆಗೂದ ಆಗಲಿ. ಹೋಗೂಣ."

ಸಂಜೆ ಸುದ್ದಿ ಕೇಳಿ ಲಿಂಗರಾಜ ಚಹಾ ಬಸಿ ಕೆಳಗಿಟ್ಟ.

"ಅಕ್ಕನ್ನ? ಕಾರನ್ಯಾಗ? ನಿನ್ನ ತಲಿ ನೆಟ್ಟಗೈತಿಲ್ಲೋ?"

"ಯಾಕ್ರೀ, ಮನುಷ್ಯಾಗ ಹವಾ ಬದಲಾಗಬೇಕು ಅಂತ ನೀವ ಹೇಳ್ತಿದ್ರೆಲ್ಲ?"

"ಅದು ನಮಗ. ಅಕ್ಕ ಅಂದ್ರ ತಾನ ಒಂದು ಹವಾ!" ಅವನ ದನಿ ಪಿಸುಮಾತಿಗಿಳಿಯಿತು. "ಏನಾರ ಹೇಳಿ ಬಿಡಿಸ. ಬ್ರೇಕ್ ಹಿಡಿಯೂದಿಲ್ಲ ಅಂತ ಹೇಳ."

"ಸುಳ್ಳ ಹೆಂಗ ಹೇಳಲ್ರಿ? ಅಕ್ಕಾರಿಗೆ ನೀವ ಹೇಳ್ರಿ."

ಅವನು ಹೇಳಲಿಲ್ಲ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಾಗ ಕಿವಿ ಹಿಡಿದು ಎತ್ತಿದ್ದ ಅಕ್ಕನಿಗೆ ಎದುರಾಡುವ ಬಾಯಿ ಅವನಿಗೆ ಇನ್ನೂ ಬೆಳೆದಿರಲಿಲ್ಲ.

ಆ ವರ್ಷ ಸಂಕ್ರಾಂತಿ ಸೋಮವಾರ ಬಂದಿತ್ತು. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವ ಹಬ್ಬ; ಕಚೇರಿಗೂ ರಜೆ. ಗಾಳಿಪಟ ಬಿಟ್ಟು ಬರುವುದಿಲ್ಲವೆಂದು ಮಗಳು ರಜನಿ ಹೇಮಲತಾಬೆನ್ ಮನೆಯಲ್ಲಿ ಉಳಿದಳು. ಶನಿವಾರ ಮಧ್ಯಾಹ್ನ ಪದ್ಮಾವತಿ ಯುದ್ಧಕ್ಕೆ ಸಿದ್ಧಳಾದಂತೆ ಸಿದ್ಧಳಾದಳು. ಲಿಂಬೆಹಣ್ಣು, ಹುಣಸೆಯ ತೊಕ್ಕು, ಹಳೆಯ ಕಾಗದ, ಮುಚ್ಚಳವಿರುವ ದೊಡ್ಡ ತಗಡಿನ ಡಬ್ಬಿ. ಪಾರ್ವತಕ್ಕ ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಮುಂದಿನ ಬಾಗಿಲು ತೆಗೆದು ಕೂತಳು.

"ಅಕ್ಕಾರ, ಹಿಂದ ಕಾಲ ಚಾಚಿ..."

"ಹಿಂದ ಕೂತ್ರ ಹಾದಿ ಕಾಣೂದಿಲ್ಲ."

ಪದ್ಮಾವತಿ ಹಿಂದೆ, ಗಂಟುಮೂಟೆಗಳ ನಡುವೆ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತಳು. ಲಿಂಗರಾಜ ಹ್ಯಾಂಡಲ್ ಹಾಕಿ ತಿರುಗಿಸಿದ, ಮತ್ತೆ ತಿರುಗಿಸಿದ. ಕಾರು ಕೆಮ್ಮಿ, ಸೀನಿ, ಹೊರಟಿತು.

ಊರು ದಾಟಿತು. ವಾಂತಿ ಬರಲಿಲ್ಲ. ಖೇಡಾ ಬಂತು, ಹೋಯಿತು. ಪಾರ್ವತಕ್ಕ ಕಿಟಕಿಯ ಗಾಜು ಇಳಿಸಿ ಮುಖ ಹೊರಗೆ ಹಾಕಿದ್ದಳು. ಪದ್ಮಾವತಿ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ನಡಿಯಾದ್ ಕಳೆಯಿತು. ಆಣಂದದ ಹತ್ತಿರ ಪಾರ್ವತಕ್ಕ ತಲೆ ಒಳಗೆಳೆದು ಬಾಯಿ ತೆರೆದಳು. ಬಂತು! ಪದ್ಮಾವತಿ ಡಬ್ಬಿಯ ಮುಚ್ಚಳ ತೆಗೆದು ಮುಂದಕ್ಕೆ ಬಾಗಿದಳು.

"ಲಿಂಗ್ಯಾ," ಎಂದಳು ಪಾರ್ವತಕ್ಕ, "ಆ ಲಾರಿ ಆಗಿಂದ ನಮ್ಮ ಮುಂದ ಹೊಂಟೈತಿ. ನಾಚಿಕಿ ಬರೂದಿಲ್ಲ ನಿನಗ? ಹಿಂದ ಹಾಕ ಅದನ್ನ!"

ಲಿಂಗರಾಜ ಒಂದು ಕ್ಷಣ ಅಕ್ಕನ ಮುಖ ನೋಡಿದ. ಆಮೇಲೆ ಹತ್ತು ವರ್ಷ ಚಿಕ್ಕವನಾದಂತೆ ಕಾಲು ಒತ್ತಿದ. ಲಾರಿ ಹಿಂದೆ ಬಿತ್ತು. ಪಾರ್ವತಕ್ಕ ಲಾರಿಯವನ ಕಡೆ ಕೈ ಬೀಸಿದಳು. ಮತ್ತೊಂದು ಲಾರಿ ಬಂತು. ಅದೂ ಹಿಂದೆ ಬಿತ್ತು. ಕಾರು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊರಳಿತು.

ಡಬ್ಬಿ ವ್ಯರ್ಥವಾಗಲಿಲ್ಲ. ಅದನ್ನು ಬಳಸಿದವಳು ಪದ್ಮಾವತಿ.

"ಅಯ್ಯ, ಪಾಪ!" ಎಂದು ಪಾರ್ವತಕ್ಕ ಹಿಂದೆ ತಿರುಗಿ ಲಿಂಬೆಹಣ್ಣು ಹಿಂಡಿ ಕೊಟ್ಟಳು. "ನನಗೂ ಬಸ್ಸಿನ್ಯಾಗ ಹಿಂಗ ಆಗತಿತ್ತವಾ. ಮುಂದ ಕೂತ್ರ ಏನೂ ಆಗೂದಿಲ್ಲ ಅಂತ ಈಗ ತಿಳೀತು ನೋಡು." ತಿಳಿದ ಮೇಲೆ ಸೀಟು ಬದಲಾಯಿಸುವ ಮಾತು ಮಾತ್ರ ಬರಲಿಲ್ಲ.

ಆ ರಾತ್ರಿ ವಡೋದರಾದಲ್ಲಿ ಲಿಂಗರಾಜನ ಸ್ನೇಹಿತ ಕೇಶವನ ಮನೆ. ಕೇಶವ ರೈಲ್ವೆಯವನು, ಮೈಸೂರಿನ ಕಡೆಯವನು. ಅವನ ಹೆಂಡತಿ ಸುಮಿತ್ರಾ ಅಕ್ಕರೆಯಿಂದ ಬಡಿಸಿದ ತಿಳಿಸಾರನ್ನು ಪಾರ್ವತಕ್ಕ ಬೆರಳಲ್ಲಿ ಅದ್ದಿ ನೋಡಿ, "ಜ್ವರ ಬಂದೈತೇನವಾ ಯಾರಿಗಾರ?" ಎಂದು ಕೇಳಿದ್ದು ಬಿಟ್ಟರೆ ಎಲ್ಲ ಸುಖವಾಗಿ ನಡೆಯಿತು. ಮಲಗುವ ಮೊದಲು ಪದ್ಮಾವತಿ ತನಗೆ ತಾನೇ ಧೈರ್ಯ ಹೇಳಿಕೊಂಡಳು: ಇದಿನ್ನೂ ಅರ್ಧ ದಾರಿ. ಕಾರು ಇನ್ನೂ ಕೆಟ್ಟಿಲ್ಲ. ಕೆಡಲಿ, ಆಗ ನೋಡೋಣ.

ಕಾರು ಅವಳ ಮಾತು ನಡೆಸಿಕೊಟ್ಟಿತು. ಆದಿತ್ಯವಾರ ಬೆಳಿಗ್ಗೆ ಪೂಜೆ, ತಿಂಡಿ ಮುಗಿಸಿ ಹೊರಟು, ಕರಜಣ ಇನ್ನೂ ಒಂದಿಷ್ಟು ದೂರವಿದೆ ಎನ್ನುವಾಗ, ಎರಡೂ ಕಡೆ ಹತ್ತಿ ಹೊಲಗಳ ನಡುವೆ, ಒಳಗೆ ಏನೋ 'ಟಪ್' ಎಂದಿತು. ಮುಂದಿನಿಂದ ಉಗಿ ಎದ್ದಿತು. ಕಾರು ನಿಂತಿತು.

"ಓ" ಎಂದಳು ಪದ್ಮಾವತಿ. ಆ ದಿನ ಆ ಅಕ್ಷರದಲ್ಲಿ ಹಬ್ಬದ ಸಡಗರವಿತ್ತು.

ಲಿಂಗರಾಜ ಬಾನೆಟ್ಟು ಎತ್ತಿದ. ಒಳಗಿನ ಬೆಲ್ಟು ಹರಿದು ಹಾವಿನಂತೆ ನೇತಾಡುತ್ತಿತ್ತು. ಅದನ್ನು ಹಿಡಿದುಕೊಂಡು ಅವನು ಹೆದ್ದಾರಿಯ ಮಧ್ಯೆ ನಿಂತ. ಮುಖ ಬೆಲ್ಟಿಗಿಂತ ಉದ್ದವಾಗಿತ್ತು. ಈಗ ಸಿಡಿಲು ಬೀಳುತ್ತದೆಂದು ಗಂಡ ಹೆಂಡತಿ ಇಬ್ಬರೂ ಪಾರ್ವತಕ್ಕನ ಕಡೆ ನೋಡಿದರು. ಒಬ್ಬರು ಭಯದಿಂದ, ಒಬ್ಬರು ಆಸೆಯಿಂದ.

ಪಾರ್ವತಕ್ಕ ಕಾರಿನಲ್ಲಿರಲಿಲ್ಲ. ರಸ್ತೆಯಂಚಿನ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡುತ್ತಿದ್ದಳು.

"ಲಿಂಗ್ಯಾ! ಇದು ನಮ್ಮ ಎರಿ ಮಣ್ಣಲೋ! ನಮ್ಮ ಹೊಲದ ಮಣ್ಣು ಇಲ್ಲಿತನಕ ಬಂದೈತಿ ನೋಡೋ!"

ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಪಾರ್ವತಕ್ಕ ಸೀದಾ ಒಳಗೆ ಹೋದಳು. ಅವಳಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು. ಅದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸೆರಗಿನ ತುಂಬ ಹತ್ತಿ ಬಿಡಿಸಿ, ಆ ಹೆಂಗಸರಿಗೆ ಎಷ್ಟು ಮಕ್ಕಳು, ಯಾರ ಸೊಸೆ ಸರಿಯಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡು ಬಂದಳು. ಜೊತೆಗೆ ಹೊಲದ ಯಜಮಾನ, ಬಿಳಿ ಮೀಸೆಯ ಕಾಕಾ, ಅವನ ಎತ್ತಿನ ಗಾಡಿ. ಎತ್ತುಗಳು ಆನೆಯ ಮರಿಯಂತಿದ್ದವು. ಅರ್ಧಚಂದ್ರನಂತೆ ಬಾಗಿದ ಕೊಂಬು. ಪಾರ್ವತಕ್ಕ ಅವುಗಳ ಗಂಗೆದೊಗಲು ಸವರಿ, ಹಲ್ಲು ನೋಡಿ, "ಭಾಳ ಚಲೋ ಇಟ್ಟೀ ತಮ್ಮಾ" ಎಂದಳು. ಕಾಕಾ ಮೀಸೆಯೊಳಗೆ ನಕ್ಕು, "ಹಾ ಬೆನ್, ಹಾ" ಎಂದ. ಎತ್ತನ್ನು ಹೊಗಳುವುದಕ್ಕೆ ಎಲ್ಲ ದೇಶದಲ್ಲೂ ಒಂದೇ ಭಾಷೆ.

ಕಾಕಾ ಮೊದಲು ತನ್ನ ಗುಡಿಸಲಿನ ಮುಂದೆ ಎಲ್ಲರನ್ನೂ ಕೂರಿಸಿ ಸಜ್ಜೆಯ ರೊಟ್ಟಿ, ಬದನೆಕಾಯಿ ಪಲ್ಯ, ತುಪ್ಪ, ಬೆಲ್ಲ ಬಡಿಸಿದ. ಪದ್ಮಾವತಿ ಕೊನೆಯ ಅಸ್ತ್ರ ತೆಗೆದಳು.

"ಅಕ್ಕಾರ, ಹೊರಗಿನ ಊಟ... ನಿಮಗ ನಡಿಯೂದಿಲ್ಲಲ್ಲ? ಹಸದಿರ್ತೀರೇನು?"

"ಹೊಲದಾಗ ಉಂಡದ್ದು ಹೊರಗಿನ ಊಟ ಹೆಂಗ ಆಕ್ಕೈತೇ ಹುಚ್ಚೀ?" ಎಂದು ಪಾರ್ವತಕ್ಕ ಎರಡನೆಯ ರೊಟ್ಟಿಗೆ ಕೈ ಚಾಚಿದಳು. "ಬೆಲ್ಲ ಇತ್ತ ಕೊಡು."

ಆಮೇಲೆ ಮೆರವಣಿಗೆ ಹೊರಟಿತು. ಮುಂದೆ ಎತ್ತಿನ ಗಾಡಿ. ಗಾಡಿಯಲ್ಲಿ ಹಗ್ಗ ಹಿಡಿದು ಕೂತವಳು ಪಾರ್ವತಕ್ಕ. ಪಕ್ಕದಲ್ಲಿ ಬೀಡಿ ಸೇದುತ್ತ ಕಾಕಾ. ಗಾಡಿಗೆ ದಪ್ಪ ಹಗ್ಗದಿಂದ ಬಿಗಿದ ವಿಲಾಯತಿ ಕಾರು. ಕಾರಿನಲ್ಲಿ ಸ್ಟೇರಿಂಗ್ ಹಿಡಿದ ಲಿಂಗರಾಜ. ಕೋಟು, ಟೈ, ಬೆವರು. ಪಕ್ಕದಲ್ಲಿ ಪದ್ಮಾವತಿ. (ಕೊನೆಗೂ ಮುಂದಿನ ಸೀಟು ಸಿಕ್ಕಿತ್ತು.) ಪಾರ್ವತಕ್ಕ "ಹೋಯ್! ಬಾರ್ರೋ ನನ್ನಪ್ಪಗೋಳ್ರ್ಯಾ!" ಎಂದರೆ ನವಲಗುಂದದ ಆ ಮಾತು ಆ ಎತ್ತುಗಳಿಗೂ ಅರ್ಥವಾಗಿ ಕಿವಿ ನಿಮಿರಿಸುತ್ತಿದ್ದವು.

ದೈವಕ್ಕೆ ಇಷ್ಟು ಸಾಲದೆಂದು ತೋರಿತು. ಎದುರಿನಿಂದ ಒಂದು ಕರಿಯ ಕಾರು ಬಂದು ನಿಂತಿತು. ಇಳಿದವರು ಲಿಂಗರಾಜನ ಕಚೇರಿಯ ಮ್ಯಾನೇಜರು. ಹಬ್ಬಕ್ಕೆ ಸೂರತ್ತಿನಿಂದ ಮನೆಗೆ ಹೊರಟಿದ್ದರು. ಅವರು ಎತ್ತು ನೋಡಿದರು, ಪಾರ್ವತಕ್ಕನನ್ನು ನೋಡಿದರು, ಹಗ್ಗವನ್ನು ನೋಡಿದರು, ಕೊನೆಗೆ ಟೈ ನೋಡಿದರು.

"ಲಿಂಗರಾಜ್, ವಿಮೆ ಯಾವುದರದು ಮಾಡಿಸಿದ್ದೀರಿ? ಕಾರಿನದೋ, ಎತ್ತಿನದೋ?"

ಲಿಂಗರಾಜ ಉತ್ತರ ಹುಡುಕುವ ಮೊದಲೇ ಗಾಡಿಯಿಂದ ದನಿ ಬಂತು. "ಯಾರೋ ಅಂವ, ಎತ್ತಿನ ಮುಂದ ನಿಂತಾಂವ? ಸರಕೋ ಅನ್ನು! ಎತ್ತು ಬೆದರಿದ್ರ ಹೊಣಿ ಯಾರು?"

ಮ್ಯಾನೇಜರು ಅಹಮದಾಬಾದಿನ ಯಾವ ನೌಕರನಿಗೂ ದಾರಿ ಬಿಟ್ಟುಕೊಟ್ಟವರಲ್ಲ. ಆ ದಿನ ಪಕ್ಕಕ್ಕೆ ಸರಿದು ರಸ್ತೆಯಿಂದ ಕೆಳಗಿಳಿದು ನಿಂತರು. ಪದ್ಮಾವತಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಅದು ಮೂಗಿನಿಂದ ಹೊರಬಂತು. ಅವಳಿಗೇ ಆಶ್ಚರ್ಯವಾಯಿತು, ದಿಗ್ವಿಜಯ ಶುರುವಾದ ಮೇಲೆ ಕಾರಿನೊಳಗೆ ಕೂತು ನಕ್ಕದ್ದು ಅದೇ ಮೊದಲು.

ಕರಜಣದಲ್ಲಿ ಬೆಲ್ಟು ಸಿಕ್ಕಿತು. ಹಾಕುವವನು ಹಾಕಿದ, ಆದರೆ ಕಾರು ಮುನಿಸು ಬಿಡಲಿಲ್ಲ. ಲಿಂಗರಾಜ ಹ್ಯಾಂಡಲ್ ತಿರುಗಿಸಿಯೇ ತಿರುಗಿಸಿದ. ಇನ್ನೇನು ಹತ್ತಿತು ಎನ್ನುವಾಗ ಹ್ಯಾಂಡಲ್ ಹಿಂದಕ್ಕೆ ಒದೆಯಿತು, ಅವನ ಸೊಂಟದಲ್ಲಿ 'ಕಳಕ್' ಎಂದಿತು. ಕಾರು ನೆಟ್ಟಗಾಯಿತು, ಯಜಮಾನ ಬಾಗಿದ.

ಹಾಗೆ ಬಾಗಿಕೊಂಡೇ ಅವನು ಕಾರು ಓಡಿಸಿದ. ಭರೂಚದ ಉದ್ದನೆಯ ಹಳೆಯ ಸೇತುವೆಯ ಮೇಲೆ ಪಾರ್ವತಕ್ಕ ಕೈ ಮುಗಿದು, ನರ್ಮದೆಯನ್ನು ಕಣ್ತುಂಬ ನೋಡಿದಳು. "ಇಷ್ಟು ನೀರು ಇಲ್ಲೇ ಇಟಗೊಂಡು ಕೂತಾರಲ್ಲವಾ, ನಮ್ಮ ಕಡೆ ಒಂದೀಟು ಕಳಿಸಬಾರದೇನು" ಎಂದು ಸೇತುವೆ ದಾಟಿದ ಮೇಲೆ ಹೇಳಿದಳು.

ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ಸೂರತ್ತು. ತಾಪಿಯ ದಂಡೆಯ ಮೇಲೆ ಚಾಪೆಯ ಗೋಡೆಯ ಅಂಗಡಿಗಳು, ಹೊಗೆ, ಸುಟ್ಟ ತೆನೆಯ ವಾಸನೆ. ಆ ವಾಸನೆಗೆ ಪದ್ಮಾವತಿಯ ಕಣ್ಣು ಒದ್ದೆಯಾದವು. (ಹೊಗೆಗೆ ಎಂದು ಅವಳು ಹೇಳಿಕೊಂಡಳು.) ಮಲ್ಲಿಗೆಯ ಮೊಗ್ಗಿನಂಥ ಹಸಿರು ಕಾಳು, ಅದರ ಮೇಲೆ ಲಿಂಬೆ ಹುಳಿಯ ಸೇವು, ಪಕ್ಕದಲ್ಲಿ ಸಕ್ಕರೆ ಗುಂಡು. ಪಾರ್ವತಕ್ಕ ಸೇವನ್ನು ಪಕ್ಕಕ್ಕೆ ಸರಿಸಿ, ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅಂಗಡಿಯ ಹೆಂಗಸು ಪರೀಕ್ಷೆ ಬರೆದ ಹುಡುಗಿಯಂತೆ ಕಾದು ನಿಂತಳು.

"ಸೀತನಿ" ಎಂದಳು ಪಾರ್ವತಕ್ಕ.

"ಪೋಂಕ್" ಎಂದಳು ಅವಳು.

"ಸೀತನಿ!"

"ಪೋಂಕ್, ಬಾ, ಪೋಂಕ್!" ('ಬಾ' ಎಂದರೆ ಅವರ ಮಾತಿನಲ್ಲಿ ತಾಯಿ.)

ಇಬ್ಬರೂ ನಕ್ಕರು. ಪಾರ್ವತಕ್ಕ ಸೊಂಟದ ಗಂಟಿನಿಂದ ಊರಿನ ಶೇಂಗಾ ಚಟ್ನಿ ತೆಗೆದು ಆ ಹೆಂಗಸಿನ ಕಾಳಿಗೆ ಉದುರಿಸಿ ತಿನ್ನಿಸಿದಳು. ಅವಳು 'ಹಾ ಹಾ' ಎಂದು ನೀರು ಕುಡಿದು, ಮತ್ತೆ ಕೈ ಚಾಚಿದಳು. ನದಿಯ ಮೇಲೆ ಆಗಲೇ ನಾಳಿನ ಹಬ್ಬದ ಗಾಳಿಪಟಗಳು ಏರಿದ್ದವು. ಪದ್ಮಾವತಿ ತಾನೂ ಒಂದು ಚಾಪೆಯ ಮೇಲೆ ಕೂತು, ಹಿಡಿ ಮೇಲೆ ಹಿಡಿ ತಿಂದಳು. ತಾನು ಇಲ್ಲಿಗೆ ಗಂಡನಿಗೆ ಬುದ್ಧಿ ಕಲಿಸಲು ಬಂದವಳೆಂಬುದು ಅವಳಿಗೆ ಮರೆತೇ ಹೋಯಿತು. ಲಿಂಗರಾಜ ಮಾತ್ರ ಪಕ್ಕದಲ್ಲಿ ಮಗ್ಗುಲಾಗಿ ಮಲಗಿ, ಅಕ್ಕ ಬಾಯಿಗೆ ಹಾಕಿದ್ದನ್ನು ಅಗಿಯುತ್ತಿದ್ದ.

ಧರ್ಮಶಾಲೆಯಲ್ಲಿ ರಾತ್ರಿ ಕಳೆದು, ಸೋಮವಾರ ಇಡೀ ದಿನ ದಾರಿ ಸವೆಸಿ, ಸಂಜೆ ಮಣಿನಗರ ಮುಟ್ಟಿದರು. ಲಿಂಗರಾಜನನ್ನು ಕಾರಿನಿಂದ ಬಿಚ್ಚಿ ತೆಗೆಯಬೇಕಾಯಿತು. ಹಾಸಿಗೆಯ ಮೇಲೆ ಬೋರಲಾಗಿ ಮಲಗಿ, ಪದ್ಮಾವತಿ ಬಿಸಿ ಉಪ್ಪಿನ ಶಾಖ ಕೊಡುತ್ತಿರುವಾಗ, ಅವನು ತಲೆದಿಂಬಿನೊಳಗಿಂದ ಆ ಚರಿತ್ರಾರ್ಹ ಮಾತು ಹೇಳಿದ:

"ಪದ್ಮಾ, ಸಾಕಾತು. ಇನ್ನ ಮ್ಯಾಲೆ ಆದಿತ್ಯವಾರ ನಾ ಮನಿ ಬಿಟ್ಟು ಹೊರಗ ಕಾಲ ಇಡೂದಿಲ್ಲ. ಆಣಿ ಮಾಡ್ತೀನಿ."

ಪದ್ಮಾವತಿಯ ಕೈಯಿಂದ ಉಪ್ಪಿನ ಗಂಟು ಜಾರಿತು. ಗೆದ್ದಿದ್ದಳು! ದಾರಿ ಬೇರೆಯಾದರೇನು, ಊರು ಸೇರಿದ್ದಾಯಿತಲ್ಲ! ಅವಳ ಕಣ್ಣ ಮುಂದೆ ಚಾಪೆಯೊಂದು ತಾನಾಗಿಯೇ ಬಿಚ್ಚಿಕೊಂಡಿತು.

"ಅಂವ ಇರಲಿ ಬಿಡು, ಪಾಪ," ಎಂದಳು ಬಾಗಿಲಲ್ಲಿ ನಿಂತ ಪಾರ್ವತಕ್ಕ. "ಅಂವಗ ಮೊದಲಿಂದೂ ತ್ರಾಣ ಕಡಿಮಿ. ಮುಂದಿನ ವಾರದಿಂದ ನಾನೂ ನೀನೂ ಹೋಗೂಣು."

"ನಾವ... ನಾವು ಹೆಂಗ ಹೋಗೂದ್ರಿ ಅಕ್ಕಾರ? ಗಾಡಿ ಯಾರು ಹೊಡಿತಾರ?"

"ನೀನ! ಮತ್ತ ಯಾರು? ಲಿಂಗ್ಯಾ ಹೊಡಿಯೂದು ಮೂರು ದಿನ ನೋಡೀನಿ. ಮೂರು ಕಡ್ಡಿ, ಒಂದು ಚಕ್ಕಡಿ ಗಾಲಿ. ಅಂವಗ ಬರ್ತೈತಿ ಅಂದ್ರ ಯಾರಿಗೆ ಬರೂದಿಲ್ಲ?"

ಪದ್ಮಾವತಿ ಸಹಾಯಕ್ಕಾಗಿ ಗಂಡನ ಕಡೆ ನೋಡಿದಳು. ಗಂಡ ತಲೆದಿಂಬಿನಿಂದ ಮುಖ ಎತ್ತಿದ. ಆ ಮುಖದಲ್ಲಿ ಸೊಂಟನೋವನ್ನು ಮೀರಿದ ಒಂದು ಪರಮಾನಂದವಿತ್ತು.

"ಅಕ್ಕ ಹೇಳಿದ್ದು ಖರೆ ಐತಿ ಪದ್ಮಾ. ಮನುಷ್ಯಾಗ ಹವಾ ಬದಲಾಗಬೇಕು. ನಾನ ಕಲಿಸ್ತೀನಿ."

ಕಲಿಸಿದ. ಕಲಿತ ಜಾಗ ಮಣಿನಗರದ ಹಿಂದಿನ ಬಯಲು. ಪದ್ಮಾವತಿ ಮೊದಲ ದಿನ ಒಂದು ಮರಳಿನ ರಾಶಿ ಹತ್ತಿದಳು, ಎರಡನೆಯ ದಿನ ಅದೇ ರಾಶಿಯನ್ನು ಆಚೆ ಕಡೆಯಿಂದ ಹತ್ತಿದಳು. ಹಾಲಿನವನು ಸೈಕಲ್ಲು ಬಿಟ್ಟು ಗೋಡೆ ಹಾರಿದ. ಹೇಮಲತಾಬೆನ್ ಕಿಟಕಿಯಿಂದ ಹುರಿದುಂಬಿಸಿದಳು; ರಜನಿ ಶಾಲೆಯಲ್ಲೆಲ್ಲ ಸಾರಿದಳು. ಪಾರ್ವತಕ್ಕ ದಿನವೂ ಪಕ್ಕದ ಸೀಟಿನಲ್ಲಿ ಕೂತು, "ಹೆದರಬ್ಯಾಡ, ಗ್ವಾಡಿ ತಾನ ಸರಿಯೂದಿಲ್ಲ, ನೀನ ತಿರುಗಬೇಕು" ಎಂಬಂಥ ಹಿತವಚನ ಹೇಳಿದಳು. ಹೋಳಿಹುಣ್ಣಿಮೆ ಹತ್ತಿರ ಬರುವ ಹೊತ್ತಿಗೆ ಲೈಸೆನ್ಸು ಕೈಗೆ ಬಂತು. ಪರೀಕ್ಷೆ ಮಾಡಿದ ಅಧಿಕಾರಿ ಇಳಿಯುವಾಗ ಪದ್ಮಾವತಿಗೆ ನಮಸ್ಕಾರ ಹೇಳಿ, ಪಾರ್ವತಕ್ಕನಿಗೆ ಎರಡು ಸಲ ಹೇಳಿದನಂತೆ.

ಆ ಆದಿತ್ಯವಾರ ಬೆಳಗಿನ ಜಾವ ಡಾಕೋರದ ಕೃಷ್ಣನ ಗುಡಿಗೆ ಪ್ರಯಾಣ. ಪದ್ಮಾವತಿ ಎದ್ದು, ಬುತ್ತಿ ಕಟ್ಟಿ, ಕಾರಿಗೆ ನೀರು ಹಾಕಿ, ಹ್ಯಾಂಡಲ್ ತಿರುಗಿಸುವಾಗ ಒಳಗಿನಿಂದ ಲಿಂಗರಾಜನ ಹಳೆಯ ಗೊರಕೆ ಕೇಳಿಬರುತ್ತಿತ್ತು. ಅವನು ಚಾಪೆಯ ಮೇಲೆ, ಅವಳದೇ ತಲೆದಿಂಬು ತಬ್ಬಿಕೊಂಡು, ಅವಳದೇ ಕೌದಿ ಹೊದ್ದು ಮಲಗಿದ್ದ. ಅದನ್ನು ನೆನೆದು ಅವಳು ಹಾರ್ನು ಸ್ವಲ್ಪ ಜಾಸ್ತಿಯೇ ಒತ್ತಿದಳು. ಗೊರಕೆಯ ಲಯ ತಪ್ಪಲಿಲ್ಲ.

ಹಿಂದೆ ಹೇಮಲತಾಬೆನ್ ಮತ್ತು ರಜನಿ, ಮುಂದೆ ಪಾರ್ವತಕ್ಕ. ಖೇಡಾ ರಸ್ತೆಗೆ ಬಿದ್ದ ಮೇಲೆ ಹೊಗೆಸೊಪ್ಪಿನ ಹೊಲಗಳ ಮೇಲೆ ಸೂರ್ಯ ಎದ್ದ. "ಮಮ್ಮಿ, ಜಲ್ದಿ ಚಲಾವ್ ನೆ!" ಎಂದು ರಜನಿ ಹಿಂದಿನಿಂದ ಬೇಗ ಓಡಿಸಲು ಗೋಗರೆದಳು. ತಣ್ಣನೆಯ ಗಾಳಿ, ಖಾಲಿ ರಸ್ತೆ, ಕೈಯೊಳಗೆ ಕಾರಿನ ನಡುಕ. ಪದ್ಮಾವತಿಗೆ ಇದ್ದಕ್ಕಿದ್ದಂತೆ ಹಾಡಬೇಕೆನಿಸಿತು. ಆದರೆ ಅಷ್ಟು ಬೇಗ ಸೋಲೊಪ್ಪಿಕೊಳ್ಳುವುದು ಹೇಗೆ? ಮುಖ ಗಂಟು ಹಾಕಿಕೊಂಡೇ, ಆದಷ್ಟು ಸಹಜವಾಗಿ ಕೇಳಿದಳು.

"ಅಕ್ಕಾರ, ಊರಾಗ ಎಲ್ಲಾರೂ ನಿಮ್ಮ ಹಾದಿ ಕಾಯಾಕತ್ತಿರಬೇಕಲ್ಲರಿ. ಯಾವಾಗ ಹೊಂಡಬೇಕಂತ ಮಾಡೀರಿ?"

"ನಾನೂ ಅದನ್ನ ವಿಚಾರ ಮಾಡಾಕತ್ತಿದ್ದೆ ನೋಡವಾ," ಎಂದಳು ಪಾರ್ವತಕ್ಕ. "ರೈಲಿನ್ಯಾಗ ಇನ್ನೊಮ್ಮೆ ಕೂಡ್ರೂದು ನನ್ನಿಂದ ಆಗೂದಿಲ್ಲ. ಸುಮ್ಮನ ಕೂತು ಕೂತು ಕಾಲು ಹಿಡಿತಾವ. ರಜನಿ ಸಾಲಿ ಸೂಟಿ ಬಿಡೂತನಕ ಇರ್ತೀನಿ. ಆಮ್ಯಾಲೆ ನೀನ ಇದರಾಗ ನವಲಗುಂದಕ್ಕ ಮುಟ್ಟಿಸಿ ಬಾ."

ನವಲಗುಂದ! ಗುಜರಾತು ಪೂರ್ತಿ, ಮಹಾರಾಷ್ಟ್ರ ಪೂರ್ತಿ, ಘಟ್ಟ ಹತ್ತಿ, ಕೃಷ್ಣೆ ದಾಟಿ! ಯಾವ ಗಂಡಸೂ ಈ ಕಾರಿನಲ್ಲಿ ಕನಸಿನಲ್ಲೂ ಹೋಗದ ದೂರ. ಪದ್ಮಾವತಿ ಗಕ್ಕನೆ ಬ್ರೇಕು ಒತ್ತಿದಳು. ಕಾರು ಹೆದ್ದಾರಿಯ ನಡುವೆ ನಿಂತಿತು. ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟು ಉರುಳಿತು. ಹೇಮಲತಾಬೆನ್ ಏನಾಯಿತೆಂದು "ಶುಂ ಥಯುಂ?" ಎನ್ನುತ್ತಲೇ ಇದ್ದಳು.

ಪದ್ಮಾವತಿ ಸ್ಟೇರಿಂಗ್ ಬಿಡದೆ ಮುಂದಿನ ರಸ್ತೆಯನ್ನು ನೋಡಿದಳು. ಆಮೇಲೆ ಮೆಲ್ಲನೆ ತಿರುಗಿ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ ಕೇಳಿದಳು:

"ಅಕ್ಕಾರ, ಕೊಲ್ಲಾಪುರದ ಮ್ಯಾಲೆ ಹೋಗೂಣೋ, ಪಂಢರಪುರ ನೋಡಕೊಂಡು ಸೊಲ್ಲಾಪುರದ ಮ್ಯಾಲೆ ಹೋಗೂಣೋ?"